ಗರ್ಭಿಣಿಗೆ ಬೇಕಾದ ಖನಿಜಾಂಶ ಊಟದಿಂದಲೇ ಸಿಗುತ್ತಾ? ಮಾತ್ರೆ ಬೇಕೇ ಬೇಕಾ?

ಪ್ರಶ್ನೆ: ನನಗೆ 29 ವರ್ಷ. ಈಗ 22 ವಾರದ ಗರ್ಭಿಣಿ. ಮೊದಲ ಮಗುವಿಗೆ ಎರಡೂವರೆ ವರ್ಷ. ಮಾಂಸ, ಮೀನು ತಿನ್ನುವುದಿಲ್ಲ. ವಾರಕ್ಕೆ ಎರಡು ಮೂರು ಮೊಟ್ಟೆ ತಿನ್ನುತ್ತೇನೆ. ಹೋದ ವಾರದ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.1, ಫೆರಿಟಿನ್ 11 ಬಂದಿದೆ. ಡಾಕ್ಟರು ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡೂ ಬರೆದುಕೊಟ್ಟಿದ್ದರು. ಕಬ್ಬಿಣಾಂಶದ ಮಾತ್ರೆ ನುಂಗಿದರೆ ಹೊಟ್ಟೆ ತೊಳೆಸುತ್ತದೆ, ಮಲಬದ್ಧತೆ ಬೇರೆ. ಅದಕ್ಕೇ ಬಿಟ್ಟುಬಿಟ್ಟಿದ್ದೇನೆ. ಬದಲಿಗೆ ದಿನಾ ಬೆಳಿಗ್ಗೆ ಬೀಟ್‌ರೂಟ್, ದಾಳಿಂಬೆ, ಹಸಿ ಪಾಲಕ್ ಸೇರಿಸಿ ಜ್ಯೂಸ್ ಮಾಡಿ ಕುಡಿಯುತ್ತೇನೆ, ಜೊತೆಗೆ ನಾಲ್ಕು ಖರ್ಜೂರ. ಉಪ್ಪನ್ನೂ ಬದಲಾಯಿಸಿ ಗುಲಾಬಿ ಬಣ್ಣದ ಕಲ್ಲುಪ್ಪು ತಂದಿದ್ದೇನೆ. ಅದರಲ್ಲಿ 84 ಖನಿಜ ಇರುತ್ತದಂತೆ. ‘ನಾವೆಲ್ಲ ಮಾತ್ರೆ ನುಂಗಿಯೇ ಹೆತ್ತೆವಾ’ ಅಂತ ಮನೆಯ ಹಿರಿಯರು ಕೇಳುತ್ತಾರೆ. ರಾತ್ರಿ ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತದೆ. ಮಗು ನನ್ನ ಹಲ್ಲಿನ ಕ್ಯಾಲ್ಸಿಯಂ ಎಳೆದುಕೊಳ್ಳುತ್ತಿದೆಯಾ? ಎಲ್ಲವನ್ನೂ ಊಟದಲ್ಲೇ ಸರಿಮಾಡಿಕೊಳ್ಳಲು ಆಗಲ್ವಾ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಆದರೆ ಒಳಗಿರುವ ಆತಂಕ ಒಂದೇ ಅನ್ನಿಸುತ್ತದೆ. ಮಾತ್ರೆ ಬಿಟ್ಟಿದ್ದೇನೆ, ಆ ಜಾಗವನ್ನು ಊಟ ತುಂಬಿಸುತ್ತಿದೆಯಾ ಇಲ್ವಾ, ಮಗುವಿಗೆ ಏನಾದರೂ ಕಡಿಮೆ ಆಗುತ್ತಿದೆಯಾ ಅನ್ನುವುದು.

ನೇರವಾಗಿ ಹೇಳಿಬಿಡುತ್ತೇನೆ. ಹೆಚ್ಚಿನ ಖನಿಜಗಳು ಊಟದಿಂದಲೇ ಸಿಗುತ್ತವೆ. ಮೆಗ್ನೀಷಿಯಂ, ಜಿಂಕ್, ತಾಮ್ರ, ಪೊಟ್ಯಾಶಿಯಂ, ರಂಜಕ, ಸೆಲೆನಿಯಂ ಇವುಗಳಿಗಾಗಿ ಬೇರೆ ಬೇರೆ ಮಾತ್ರೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕ್ಯಾಲ್ಸಿಯಂ ಕೂಡ ಸ್ವಲ್ಪ ಲೆಕ್ಕ ಹಾಕಿ ಉಂಡರೆ ಸಿಗುತ್ತದೆ. ಅಯೋಡಿನ್ ವಿಷಯ ನಿಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿದೆ. ಕಬ್ಬಿಣಾಂಶ ಮಾತ್ರ ಹಾಗಲ್ಲ. ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟು ಅಂತ ತೋರಿಸುವ ಫೆರಿಟಿನ್ 11ಕ್ಕೆ ಇಳಿದ ಮೇಲೆ ಊಟವೊಂದರಿಂದಲೇ ಅದನ್ನು ಸರಿಮಾಡುವುದು ಆಗದ ಮಾತು.

ನಾನು ಆಹಾರ ತಜ್ಞೆ. ಊಟದ ಪರ ವಾದ ಮಾಡುವುದೇ ನನ್ನ ಕೆಲಸ. ಗರ್ಭಿಣಿಯರಿಗೆ ಸಲಹೆ ಕೊಡುವಾಗಲೂ ‘ಮೊದಲು ತಟ್ಟೆ ನೋಡೋಣ, ಆಮೇಲೆ ಮಾತ್ರೆ’ ಅನ್ನುವವಳು ನಾನು. ಆದರೂ ಈ ಒಂದು ಖನಿಜದ ವಿಷಯದಲ್ಲಿ ನಿಮ್ಮ ಡಾಕ್ಟರ ಪಕ್ಕ ನಿಲ್ಲುತ್ತೇನೆ. ಯಾಕೆ ಅಂತ ನಿಮ್ಮ ಜ್ಯೂಸ್ ಲೋಟದಿಂದಲೇ ಶುರುಮಾಡೋಣ.

ಕೆಂಪಗಿರುವುದೆಲ್ಲ ರಕ್ತ ಕೊಡಲ್ಲ

ನೂರು ಗ್ರಾಂ ಬೀಟ್‌ರೂಟ್‌ನಲ್ಲಿ ಕಬ್ಬಿಣಾಂಶ ಸುಮಾರು 0.8 ಮಿಲಿಗ್ರಾಂ. ನೂರು ಗ್ರಾಂ ದಾಳಿಂಬೆಯಲ್ಲಿ 0.3. ಸಣ್ಣ ಖರ್ಜೂರ ನಾಲ್ಕು ತಿಂದರೆ ಇನ್ನೊಂದು 0.3. ಒಂದು ಹಿಡಿ ಹಸಿ ಪಾಲಕ್‌ನಿಂದ ಮುಕ್ಕಾಲು ಮಿಲಿಗ್ರಾಂ ಅಂದುಕೊಳ್ಳಿ. ಎಲ್ಲ ಸೇರಿಸಿದರೂ ಎರಡು ಮಿಲಿಗ್ರಾಂಗಿಂತ ಸ್ವಲ್ಪವೇ ಹೆಚ್ಚು. ಗರ್ಭಿಣಿಗೆ ದಿನಕ್ಕೆ ಬೇಕಾಗಿರುವುದು 27 ಮಿಲಿಗ್ರಾಂ ಅಂತ ಅಮೆರಿಕದ ಆಹಾರ ಮಾನದಂಡ ಹೇಳುತ್ತದೆ. ಬೀಟ್‌ರೂಟ್‌ನ ಬಣ್ಣ ಅದರದ್ದೇ ಒಂದು ವರ್ಣದ್ರವ್ಯದ್ದು. ರಕ್ತದ ಕೆಂಪಿಗೂ ಅದಕ್ಕೂ ಸಂಬಂಧವಿಲ್ಲ. (ಬೀಟ್‌ರೂಟ್ ತಿಂದ ಮೇಲೆ ಕೆಲವರಿಗೆ ಮೂತ್ರ ಕೆಂಪಗಾಗುತ್ತದೆ. ಅದಕ್ಕೂ ಗಾಬರಿ ಬೇಡ.)

ಪಾಲಕ್‌ನದ್ದು ಇನ್ನೊಂದು ಕಥೆ. ಅದರಲ್ಲಿ ಕಬ್ಬಿಣಾಂಶ ಇರುವುದು ನಿಜ. ಆದರೆ ಅದರ ಜೊತೆಗೇ ಇರುವ ಆಕ್ಸಲೇಟ್, ಪಾಲಿಫಿನಾಲ್ ಅನ್ನುವ ಸಸ್ಯ ರಾಸಾಯನಿಕಗಳು ಅದನ್ನು ಸುಲಭವಾಗಿ ದೇಹಕ್ಕೆ ಬಿಟ್ಟುಕೊಡುವುದಿಲ್ಲ. ಹಸಿ ಸೊಪ್ಪಿನ ಜ್ಯೂಸ್ ದಿನಾ ಕುಡಿಯುವುದರಿಂದ ಮೂತ್ರಪಿಂಡದಲ್ಲಿ ಕಲ್ಲಾಗುವ ಪ್ರವೃತ್ತಿ ಇರುವವರಿಗೆ ತೊಂದರೆಯೂ ಆಗಬಹುದು. ಸರಿಯಾಗಿ ತೊಳೆಯದ ಹಸಿ ಸೊಪ್ಪಿನಿಂದ ಗರ್ಭಿಣಿಗೆ ಸೋಂಕಿನ ಭಯವೂ ಇದೆ. ಸೊಪ್ಪು ಬೇಡ ಅಂತ ನಾನು ಹೇಳುತ್ತಿಲ್ಲ. ಬೇಯಿಸಿ ತಿನ್ನಿ. ಜ್ಯೂಸ್ ಇಷ್ಟವಾದರೆ ಅದನ್ನೂ ಕುಡಿಯಿರಿ, ಔಷಧಿ ಅಂತ ಮಾತ್ರ ನಂಬಬೇಡಿ. ಸೋಸುವ ಬದಲು ಹಣ್ಣನ್ನೇ ತಿಂದರೆ ನಾರಿನಂಶ ಉಳಿಯುತ್ತದೆ, ನಿಮ್ಮ ಮಲಬದ್ಧತೆಗೂ ಒಳ್ಳೆಯದು.

ಲೆಕ್ಕ ಯಾಕೆ ಕೂಡುವುದಿಲ್ಲ

ಒಂದು ಗರ್ಭಾವಸ್ಥೆಗೆ ಒಟ್ಟು ಸುಮಾರು 1000 ಮಿಲಿಗ್ರಾಂ, ಅಂದರೆ ಒಂದು ಗ್ರಾಂ ಕಬ್ಬಿಣಾಂಶ ಬೇಕು. ಇದರಲ್ಲಿ 300ರಷ್ಟು ಮಗುವಿಗೆ ಮತ್ತು ಮಾಸುಚೀಲಕ್ಕೆ. 500ರಷ್ಟು ತಾಯಿಯ ದೇಹದಲ್ಲಿ ಹೊಸದಾಗಿ ತಯಾರಾಗುವ ಕೆಂಪು ರಕ್ತಕಣಗಳಿಗೆ. ಉಳಿದದ್ದು ಬೆವರು, ಚರ್ಮ, ಕರುಳಿನ ಮೂಲಕ ದಿನವೂ ಹೇಗೂ ಹೋಗುವುದು. ಈ ಬೇಡಿಕೆ ಒಂಬತ್ತು ತಿಂಗಳೂ ಒಂದೇ ಸಮ ಇರುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಮುಟ್ಟು ನಿಂತಿರುವುದರಿಂದ ದಿನಕ್ಕೆ ಒಂದು ಮಿಲಿಗ್ರಾಂ ಒಳಗೆ ಹೋದರೂ ಸಾಕು. ನಡುವಿನ ತಿಂಗಳುಗಳಲ್ಲಿ ಅದು ನಾಲ್ಕೈದಕ್ಕೆ ಏರುತ್ತದೆ. ಕೊನೆಕೊನೆಗೆ ಆರು ದಾಟುತ್ತದೆ.

‘ಒಳಗೆ ಹೋಗುವುದು’ ಅನ್ನುವ ಮಾತನ್ನು ಗಮನಿಸಿ. ತಟ್ಟೆಯಲ್ಲಿ ಇರುವುದು ಬೇರೆ, ಕರುಳು ದಾಟಿ ರಕ್ತಕ್ಕೆ ಸೇರುವುದು ಬೇರೆ. ಮಾಂಸ, ಮೀನಿನಲ್ಲಿರುವ ಹೀಮ್ ರೂಪದ ಕಬ್ಬಿಣಾಂಶದಲ್ಲಿ ನೂರಕ್ಕೆ 15ರಿಂದ 35 ಭಾಗ ದಾಟುತ್ತದೆ. ಕಾಳು, ಸೊಪ್ಪು, ಧಾನ್ಯದಲ್ಲಿರುವುದು ದಾಟುವುದು ಇದಕ್ಕಿಂತ ಕಡಿಮೆ. ಏನು ಜೊತೆಗೆ ತಿಂದಿರಿ ಅನ್ನುವುದರ ಮೇಲೆ ಅದು ಎರಡಕ್ಕೂ ಇಳಿಯಬಹುದು, 20ಕ್ಕೂ ಏರಬಹುದು.

ಈಗ ನಿಮ್ಮಂತೆ ಮಾಂಸ ತಿನ್ನದವರ ಒಂದು ಒಳ್ಳೆಯ ದಿನದ ಊಟ ತೆಗೆದುಕೊಳ್ಳೋಣ. ಬೇಯಿಸಿದ ಮಸೂರ ಬೇಳೆ ಒಂದು ದೊಡ್ಡ ಬಟ್ಟಲು, ಅಂದರೆ 200 ಗ್ರಾಂ: ಆರೂವರೆ ಮಿಲಿಗ್ರಾಂ. ಬೇಯಿಸಿದ ಕಡಲೆಕಾಳು 100 ಗ್ರಾಂ: ಮೂರರ ಹತ್ತಿರ. ಬೇಯಿಸಿದ ಸೊಪ್ಪು ಒಂದು ಬಟ್ಟಲು: ಮೂರೂವರೆ. ಕುಂಬಳಬೀಜ ಒಂದು ಹಿಡಿ: ಎರಡೂವರೆ. ಎರಡು ಮೊಟ್ಟೆ: ಎರಡರೊಳಗೆ. ಇಡೀ ಧಾನ್ಯದ ತಿಂಡಿ, ಊಟ ಸೇರಿ ಮೂರು. ಒಟ್ಟು 20 ಚಿಲ್ಲರೆ. ದಿನಾ ಇಷ್ಟನ್ನು ತಪ್ಪದೆ ತಿನ್ನುವ ಗರ್ಭಿಣಿಯರು ಕಡಿಮೆ, ಅದೂ ಎದೆಯುರಿ, ಹೊಟ್ಟೆ ತುಂಬಿದ ಹಾಗಾಗುವುದು ಇರುವಾಗ. ಆದರೂ ತಿಂದಿರಿ ಅಂತಲೇ ಇಟ್ಟುಕೊಳ್ಳೋಣ. ಅದರಲ್ಲಿ ನೂರಕ್ಕೆ 15 ಭಾಗ ದಾಟಿದರೆ ಮೂರು ಮಿಲಿಗ್ರಾಂ. ಗರ್ಭಿಣಿಯ ಕರುಳು ಮಾಮೂಲಿಗಿಂತ ಜಾಸ್ತಿ ಹೀರಿಕೊಳ್ಳುತ್ತದೆ. ಪ್ರಕೃತಿ ಅಷ್ಟು ಸಹಾಯ ಮಾಡುತ್ತದೆ. ಆದರೂ ಕೊನೆಯ ತಿಂಗಳುಗಳ ಬೇಡಿಕೆಗೆ ಇದು ಸಾಲದು.

ಹಾಗಾದರೆ ಮಾತ್ರೆ ನುಂಗದೆ ಹೆತ್ತವರು ಹೇಗೆ ಹೆತ್ತರು? ಹಿರಿಯರ ಪ್ರಶ್ನೆ ತಪ್ಪಲ್ಲ. ಕೊರತೆ ಬಿದ್ದದ್ದನ್ನು ದೇಹ ತನ್ನ ಕಣಜದಿಂದ ತೆಗೆದುಕೊಳ್ಳುತ್ತದೆ. ಯಕೃತ್ತು, ಮೂಳೆಮಜ್ಜೆಗಳಲ್ಲಿ ಕೂಡಿಟ್ಟ ಕಬ್ಬಿಣಾಂಶವೇ ಆ ಕಣಜ. ಕೆಲವು ಹೆಂಗಸರಲ್ಲಿ ಅದು 300ರಿಂದ 500 ಮಿಲಿಗ್ರಾಂವರೆಗೂ ಇರುತ್ತದೆ. ಅಂಥವರು ಒಳ್ಳೆಯ ಊಟದ ಜೊತೆ ದಡ ಸೇರುತ್ತಾರೆ. ನಿಮ್ಮ ಕಣಜದಲ್ಲಿ ಎಷ್ಟಿದೆ ಅಂತ ಹೇಳುವುದೇ ಫೆರಿಟಿನ್. 30ಕ್ಕಿಂತ ಕೆಳಗೆ ಬಂದರೇ ಹೆಚ್ಚಿನ ಡಾಕ್ಟರುಗಳು ಕೊರತೆ ಅನ್ನುತ್ತಾರೆ. ನಿಮ್ಮದು 11, ಅಂದರೆ ತಳ ಕಾಣುತ್ತಿದೆ. ಮೊದಲ ಗರ್ಭ, ಹೆರಿಗೆಯಲ್ಲಿ ಹೋದ ರಕ್ತ, ಆಮೇಲೆ ಮತ್ತೆ ಶುರುವಾದ ಮುಟ್ಟು ಇವೆಲ್ಲ ಆದ ಮೇಲೆ ಅದು ತುಂಬಲು ಸಮಯವೇ ಸಿಕ್ಕಿಲ್ಲ. ಇದು ನಿಮ್ಮ ತಪ್ಪಲ್ಲ, ನಿಮ್ಮ ಅಡುಗೆಯ ತಪ್ಪೂ ಅಲ್ಲ. ಇನ್ನೊಂದು ಮಾತು. ಹಿಂದೆ ಎಲ್ಲರೂ ಚೆನ್ನಾಗಿದ್ದರು ಅನ್ನುವಂತಿಲ್ಲ. ಸುಸ್ತು, ಏದುಸಿರು, ಬಾಣಂತನದಲ್ಲಿ ಏಳಲಾಗದ ನಿಶ್ಶಕ್ತಿ ಆಗಲೂ ಇದ್ದವು. ರಕ್ತ ಪರೀಕ್ಷೆ ಮಾಡಿ ಅದಕ್ಕೊಂದು ಸಂಖ್ಯೆ ಕೊಡುವವರು ಇರಲಿಲ್ಲ ಅಷ್ಟೇ.

ಹಿಮೋಗ್ಲೋಬಿನ್ ಬಗ್ಗೆಯೂ ಒಂದು ಸಮಾಧಾನದ ಮಾತು. ಗರ್ಭಿಣಿಯಲ್ಲಿ ರಕ್ತದ ದ್ರವಭಾಗ 40ರಿಂದ 50 ಪ್ರತಿಶತ ಹೆಚ್ಚುತ್ತದೆ. ಕೆಂಪು ಕಣಗಳು ಹೆಚ್ಚುವುದು 20ರಿಂದ 30 ಪ್ರತಿಶತ. ಹಾಗಾಗಿ ರಕ್ತ ತೆಳುವಾಗಿ ಸಂಖ್ಯೆ ಸ್ವಲ್ಪ ಇಳಿಯುವುದು ಸಹಜ. ಅದಕ್ಕೇ ರಕ್ತಹೀನತೆಯ ಗಡಿ ಮೊದಲ ಮತ್ತು ಕೊನೆಯ ಮೂರು ತಿಂಗಳಲ್ಲಿ 11 ಇದ್ದರೆ, ನಡುವಿನ ಮೂರು ತಿಂಗಳಲ್ಲಿ 10.5. ನಿಮ್ಮ 10.1 ಗಡಿಗಿಂತ ಸ್ವಲ್ಪವೇ ಕೆಳಗಿದೆ. ಹೆದರಿ ನಿದ್ದೆಗೆಡುವಂಥದ್ದಲ್ಲ. ಆದರೆ ಕೊನೆಯ ತಿಂಗಳುಗಳ ದೊಡ್ಡ ಬೇಡಿಕೆ ಇನ್ನೂ ಮುಂದಿದೆ. ಈಗ ಬಿಟ್ಟರೆ ಸಂಖ್ಯೆ ಇನ್ನೂ ಇಳಿಯುತ್ತದೆ. ತೀವ್ರ ಕೊರತೆಯಲ್ಲಿ ಅವಧಿಗೆ ಮುಂಚೆ ಹೆರಿಗೆ, ಮಗುವಿನ ತೂಕ ಕಡಿಮೆಯಾಗುವುದು, ಹೆರಿಗೆಯ ರಕ್ತಸ್ರಾವವನ್ನು ತಾಯಿ ತಡೆದುಕೊಳ್ಳಲಾಗದಿರುವುದು ಇವೆಲ್ಲದರ ಸಾಧ್ಯತೆ ಹೆಚ್ಚುತ್ತದೆ. ಮಗು ತನಗೆ ಬೇಕಾದ್ದನ್ನು ಎಳೆದುಕೊಳ್ಳುತ್ತದೆ ಅನ್ನುವುದು ಅರ್ಧ ಸತ್ಯ. ತಾಯಿಯಲ್ಲೇ ತೀರಾ ಕಡಿಮೆ ಇದ್ದರೆ ಮಗುವಿನ ಮೊದಲ ಆರು ತಿಂಗಳ ಸಂಗ್ರಹವೂ ಸೊರಗುತ್ತದೆ.

ಮಾತ್ರೆ ಒಗ್ಗದಿದ್ದರೆ ಏನು ಮಾಡುವುದು

ಒಗ್ಗಲಿಲ್ಲ ಅಂತ ಬಿಟ್ಟವರು ನೀವೊಬ್ಬರೇ ಅಲ್ಲ. ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಬಿಟ್ಟಿರುತ್ತಾರೆ, ಡಾಕ್ಟರ ಹತ್ತಿರ ಮಾತ್ರ ‘ತಗೊಳ್ತಿದ್ದೀನಿ’ ಅಂತಾರೆ. ಇದರಿಂದ ಒಂದು ಅಪಾಯವಿದೆ. ಮುಂದಿನ ಪರೀಕ್ಷೆಯಲ್ಲಿ ರಕ್ತ ಏರದಿದ್ದಾಗ ಡಾಕ್ಟರು ಡೋಸ್ ಹೆಚ್ಚಿಸುತ್ತಾರೆ, ಇಲ್ಲವೇ ಬೇರೆ ಕಾಯಿಲೆ ಹುಡುಕಲು ಹೊರಡುತ್ತಾರೆ. ಬಿಟ್ಟಿದ್ದೇನೆ ಅಂತ ನೇರವಾಗಿ ಹೇಳಿ. ದಾರಿಗಳು ಬೇಕಾದಷ್ಟಿವೆ.

ಮೊದಲು ಮಾತ್ರೆ ಪಟ್ಟಿಯ (ಸ್ಟ್ರಿಪ್) ಹಿಂದೆ ಏನು ಬರೆದಿದೆ ನೋಡಿ. ಫೆರಸ್ ಸಲ್ಫೇಟ್ 300 ಮಿಲಿಗ್ರಾಂ ಅಂತ ಇದ್ದರೆ ಅದರಲ್ಲಿ ನಿಜವಾದ ಕಬ್ಬಿಣಾಂಶ 60 ಮಿಲಿಗ್ರಾಂ. ಫೆರಸ್ ಫ್ಯೂಮರೇಟ್ ಆದರೆ 180ರಲ್ಲೇ 60 ಇರುತ್ತದೆ. ಫೆರಸ್ ಗ್ಲುಕೋನೇಟ್‌ನಲ್ಲಿ 60 ಬೇಕಾದರೆ 500 ಮಿಲಿಗ್ರಾಂ ಬೇಕು. ಹೊಟ್ಟೆಗೆ ತೊಂದರೆ ಕೊಡುವುದು ಹೆಚ್ಚಾಗಿ ಈ ಒಳಗಿನ ಪ್ರಮಾಣ. ಹೆಸರು, ಬಣ್ಣ ನೋಡಿ ‘ಇದು ಸೌಮ್ಯ’ ಅಂದುಕೊಳ್ಳುವುದಕ್ಕಿಂತ ಈ ಸಂಖ್ಯೆ ನೋಡುವುದು ಒಳ್ಳೆಯದು. ಕೊರತೆ ಇಲ್ಲದವರಿಗೂ ಮುಂಜಾಗ್ರತೆಗಾಗಿ ದಿನಕ್ಕೆ 30ರಿಂದ 60 ಮಿಲಿಗ್ರಾಂ ಕಬ್ಬಿಣಾಂಶ, ಜೊತೆಗೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತಹೀನತೆ ಇರುವವರಿಗೆ ಅದೇ ಸಂಸ್ಥೆ ಹೇಳುವುದು 120. ಬ್ರಿಟನ್ನಿನ ರಕ್ತತಜ್ಞರ ಮಾರ್ಗಸೂಚಿ ದಿನಕ್ಕೊಮ್ಮೆ 40ರಿಂದ 80 ಸಾಕು ಅನ್ನುತ್ತದೆ. ಅಂದರೆ ಡೋಸ್ ಕಡಿಮೆ ಮಾಡಿ ಅಂತ ಕೇಳಲು ಜಾಗ ಇದೆ. ನಿಮ್ಮ ವರದಿ ಇಟ್ಟುಕೊಂಡು ಅದನ್ನು ತೀರ್ಮಾನಿಸಬೇಕಾದವರು ಡಾಕ್ಟರು.

ಇನ್ನೊಂದು ದಾರಿ, ದಿನ ಬಿಟ್ಟು ದಿನ ತೆಗೆದುಕೊಳ್ಳುವುದು. ಇದರ ಹಿಂದೆ ಕಾರಣ ಇದೆ. ಒಂದು ಡೋಸ್ ಹೋದ ಕೂಡಲೇ ದೇಹದಲ್ಲಿ ಹೆಪ್ಸಿಡಿನ್ ಅನ್ನುವ ಹಾರ್ಮೋನು ಏರಿ, ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಕಿರಿದು ಮಾಡುತ್ತದೆ. ಆ ಹೊತ್ತಿನಲ್ಲಿ ಇನ್ನೊಂದು ಮಾತ್ರೆ ನುಂಗಿದರೆ ಹೆಚ್ಚು ಭಾಗ ಹೀರಿಕೆಯಾಗದೆ ಹೊಟ್ಟೆಯಲ್ಲೇ ಉಳಿದು ಕಾಟ ಕೊಡುತ್ತದೆ. ಗರ್ಭಿಣಿಯರಲ್ಲದ ಹೆಂಗಸರಲ್ಲಿ ನಡೆದ ಅಧ್ಯಯನಗಳಲ್ಲಿ ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ಹೀರಿಕೆ ಜಾಸ್ತಿ ಇತ್ತು. ಸೌಮ್ಯ ಕೊರತೆಯ ಗರ್ಭಿಣಿಯರಿಗೂ ಕೆಲವು ಡಾಕ್ಟರುಗಳು ಹೀಗೆ ಕೊಡುತ್ತಾರೆ. ಇದರ ತೊಂದರೆ ಅಂದರೆ, ಹೆರಿಗೆ ಹತ್ತಿರವಿದ್ದಾಗ ನಿಧಾನ ಆಗಬಹುದು. ಮತ್ತೆ, ‘ನಿನ್ನೆ ತಗೊಂಡೆನಾ, ಇವತ್ತಾ’ ಅನ್ನುವ ಮರೆವು ಬೇರೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಖಾಲಿ ಹೊಟ್ಟೆಗೆ ತೆಗೆದುಕೊಂಡರೆ ಹೀರಿಕೆ ಚೆನ್ನಾಗಿರುತ್ತದೆ, ನಿಜ. ಆದರೆ ವಾಂತಿ ಬರುವ ಹಾಗಿದ್ದರೆ ಆ ನಿಯಮ ಇಟ್ಟುಕೊಂಡು ಏನು ಪ್ರಯೋಜನ? ರಾತ್ರಿ ಮಲಗುವ ಮುಂಚೆ, ಒಂದು ತುಂಡು ಹಣ್ಣಿನ ಜೊತೆ ತೆಗೆದುಕೊಳ್ಳಿ. ವಾಕರಿಕೆ ನಿದ್ದೆಯಲ್ಲಿ ಕಳೆದುಹೋಗುತ್ತದೆ. ಮಲ ಕಪ್ಪಗಾಗುವುದು ಹೀರಿಕೆಯಾಗದೆ ಉಳಿದ ಕಬ್ಬಿಣಾಂಶದಿಂದ. ಅದು ರೋಗವಲ್ಲ. ಮಲಬದ್ಧತೆಗೆ ನೀರು, ಕಾಳು, ಸಿಪ್ಪೆ ಸಮೇತ ಹಣ್ಣು, ಒಣದ್ರಾಕ್ಷಿ, ದಿನಾ ಸ್ವಲ್ಪ ನಡಿಗೆ. ಅದಕ್ಕೂ ಬಗ್ಗದಿದ್ದರೆ ಗರ್ಭಿಣಿಯರಿಗೆ ಆಗುವ ಮಲ ಸಡಿಲಿಸುವ ಔಷಧಿ ಡಾಕ್ಟರ ಹತ್ತಿರ ಇದೆ, ಕೇಳಿ.

ಇದ್ಯಾವುದೂ ಆಗದಿದ್ದರೆ, ಅಥವಾ ಸಮಯ ಕಡಿಮೆ ಇದ್ದು ರಕ್ತ ಬೇಗ ಏರಬೇಕಿದ್ದರೆ, ನರದ ಮೂಲಕ ಕೊಡುವ ಕಬ್ಬಿಣಾಂಶ ಇದೆ. ಮೊದಲ ಮೂರು ತಿಂಗಳಲ್ಲಿ ಕೊಡುವುದಿಲ್ಲ. ಈಗ ನೀವಿರುವ ಹಂತದಲ್ಲಿ ಕೊಡಬಹುದು. ಕರುಳನ್ನು ದಾಟುವ ತಾಪತ್ರಯವೇ ಇರುವುದಿಲ್ಲ. ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು. ಸೂಜಿ ಸರಿಯಾಗಿ ಕೂರದೆ ಸೋರಿದರೆ ಚರ್ಮದ ಮೇಲೆ ಬಹುಕಾಲ ಉಳಿಯುವ ಕಂದು ಕಲೆ ಬೀಳಬಹುದು. ಆದ್ದರಿಂದ ತುರ್ತು ಚಿಕಿತ್ಸೆಯ ಸೌಲಭ್ಯ ಇರುವ ಆಸ್ಪತ್ರೆಯಲ್ಲೇ ಆಗಬೇಕು. ನಿಮ್ಮ ಸಂಖ್ಯೆ ನೋಡಿದರೆ ಈಗಲೇ ಅಲ್ಲಿಗೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಮೊದಲು ಮಾತ್ರೆಯನ್ನೇ ಬೇರೆ ರೀತಿಯಲ್ಲಿ ಪ್ರಯತ್ನಿಸಬಹುದು.

ಮನೆಯಲ್ಲಿ ಎರಡೂವರೆ ವರ್ಷದ ಮಗು ಇದೆ ಅಂದಿರಿ. ಮಾತ್ರೆ ಡಬ್ಬಿಯನ್ನು ಎತ್ತರದಲ್ಲಿ, ಬೀಗ ಹಾಕಿದ ಕಪಾಟಿನಲ್ಲಿ ಇಡಿ. ಬಣ್ಣ ಬಳಿದ ಸಿಹಿ ಲೇಪನದ ಮಾತ್ರೆ ಮಕ್ಕಳಿಗೆ ಮಿಠಾಯಿ ಥರ ಕಾಣುತ್ತದೆ. ಕಬ್ಬಿಣಾಂಶದ ಕೆಲವೇ ಮಾತ್ರೆ ನುಂಗಿದರೂ ಚಿಕ್ಕ ಮಗುವಿನ ಜೀವಕ್ಕೆ ಅಪಾಯ. ಅನುಮಾನ ಬಂದರೂ ಸಾಕು, ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಓಡಿ.

ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಎರಡರಿಂದ ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಏರುವುದು ಕಾಣಬೇಕು. ಏರದಿದ್ದರೆ ಸುಮ್ನೆ ಡೋಸ್ ಏರಿಸುವುದಕ್ಕೆ ಮುಂಚೆ ಕಾರಣ ಹುಡುಕಬೇಕು. ಮಾಂಸ ತಿನ್ನದವರಲ್ಲಿ ಬಿ12 ಕೊರತೆ ಇರಬಹುದು. ಥಲಸ್ಸೀಮಿಯಾ ಅನ್ನುವ ಆನುವಂಶಿಕ ರಕ್ತದ ಕಾಯಿಲೆಯ ವಾಹಕರಾಗಿದ್ದರೆ ರಕ್ತ ಕಬ್ಬಿಣಾಂಶದ ಕೊರತೆಯಂತೆಯೇ ಕಾಣುತ್ತದೆ, ಆದರೆ ಫೆರಿಟಿನ್ ಸರಿಯಾಗಿದ್ದಾಗ ಮಾತ್ರೆಯಿಂದ ಏರುವುದಿಲ್ಲ. ಹುಳದ ತೊಂದರೆ, ಕರುಳಿನ ಕಾಯಿಲೆ ಕೂಡ ಇರಬಹುದು.

ಊಟದ ಕೆಲಸ ಇಲ್ಲಿಂದ ಶುರು

ಮಾತ್ರೆ ಬೇಕು ಅಂದರೆ ಊಟ ಬೇಡ ಅಂತಲ್ಲ. ಅದೇ ಬೇಳೆ, ಅದೇ ಸೊಪ್ಪಿನಿಂದ ಜಾಸ್ತಿ ಪಡೆಯುವ ಉಪಾಯಗಳಿವೆ. ಊಟದ ಜೊತೆ ಸಿ ವಿಟಮಿನ್ ಇರುವ ಏನಾದರೂ ಸೇರಿಸಿ. ಬಿಸಿ ಇಳಿದ ಮೇಲೆ ಹಿಂಡಿದ ನಿಂಬೆರಸ, ಟೊಮೆಟೊ, ಕಿತ್ತಳೆ, ಹಸಿ ದಪ್ಪ ಮೆಣಸಿನಕಾಯಿ. ಆ ಒಂದು ಊಟದ ಕಬ್ಬಿಣಾಂಶ ದಾಟುವುದು ಇದರಿಂದ ಎರಡು ಪಟ್ಟು ಆಗಬಹುದು. ಇದಕ್ಕೆ ವಿರುದ್ಧವಾಗಿ, ಊಟದ ಜೊತೆ ಕುಡಿದ ಒಂದು ಲೋಟ ಚಹಾ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಹುದು. ಕಾಫಿಯೂ ಅಷ್ಟೇ. ಚಹಾ ಬಿಡಿ ಅಂತ ಹೇಳಿದರೆ ಯಾರೂ ಕೇಳಲ್ಲ, ನಾನೂ ಹೇಳಲ್ಲ. ಊಟಕ್ಕೂ ಚಹಾಗೂ ನಡುವೆ ಒಂದೆರಡು ಗಂಟೆ ಬಿಡಿ, ಸಾಕು.

ಕಾಳನ್ನು ನೆನೆಸಿ, ಮೊಳಕೆ ಕಟ್ಟಿ, ಹಿಟ್ಟನ್ನು ಹುದುಗು ಬರಿಸಿ ಮಾಡಿದ ಅಡುಗೆಯಲ್ಲಿ ಫೈಟೇಟ್ ಕಡಿಮೆಯಾಗುತ್ತದೆ. ಧಾನ್ಯ, ಕಾಳಿನ ಕಬ್ಬಿಣಾಂಶ, ಜಿಂಕ್ ಎರಡನ್ನೂ ಹಿಡಿದಿಟ್ಟುಕೊಳ್ಳುವುದು ಇದೇ ಫೈಟೇಟ್. ನೆನೆಸಿದ ನೀರನ್ನು ಚೆಲ್ಲಿ. ಮೊಳಕೆಯನ್ನು ಗರ್ಭಿಣಿಯರು ಹಸಿಯಾಗಿ ತಿನ್ನದೆ ಬೇಯಿಸಿ ತಿನ್ನಬೇಕು. ಕಬ್ಬಿಣದ ಬಾಣಲೆಯಲ್ಲಿ ಹುಳಿ ಪದಾರ್ಥ ಕುದಿಸಿದರೆ ಅಡುಗೆಗೆ ಸ್ವಲ್ಪ ಕಬ್ಬಿಣಾಂಶ ಇಳಿಯುತ್ತದೆ, ಅದೂ ಒಳ್ಳೆಯದೇ.

ಮಾಂಸಾಹಾರಿಗಳಿಗೆ ಒಂದು ಎಚ್ಚರ. ಕಬ್ಬಿಣಾಂಶಕ್ಕೆ ಲಿವರ್ ತಿನ್ನಿ ಅಂತ ಹೇಳುವವರಿದ್ದಾರೆ. ಲಿವರ್‌ನಲ್ಲಿ ಕಬ್ಬಿಣಾಂಶ ಧಾರಾಳ, ಆದರೆ ರೆಟಿನಾಲ್ ರೂಪದ ಎ ವಿಟಮಿನ್ ವಿಪರೀತ. ಅದು ಹೆಚ್ಚಾದರೆ ಮಗುವಿನ ಬೆಳವಣಿಗೆಯಲ್ಲಿ ದೋಷ ಬರಬಹುದು. ಗರ್ಭಾವಸ್ಥೆಯಲ್ಲಿ ಲಿವರ್ ಬೇಡ.

ಕ್ಯಾಲ್ಸಿಯಂ, ಹಲ್ಲು, ಮೀನಖಂಡ

ನಿಮ್ಮ ಹಲ್ಲಿನಿಂದ ಮಗು ಏನನ್ನೂ ಎಳೆದುಕೊಳ್ಳುತ್ತಿಲ್ಲ. ಒಮ್ಮೆ ಬೆಳೆದ ಹಲ್ಲಿನ ಕ್ಯಾಲ್ಸಿಯಂ ವಾಪಸ್ ರಕ್ತಕ್ಕೆ ಬರುವುದಿಲ್ಲ. ಕೊರತೆ ಬಿದ್ದರೆ ದೇಹ ತೆಗೆದುಕೊಳ್ಳುವುದು ಮೂಳೆಯಿಂದ. ಅದೂ ಹೆಚ್ಚಿನವರಲ್ಲಿ ಹಾಲುಣಿಸುವುದು ಮುಗಿದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ವಸಡಿನಲ್ಲಿ ರಕ್ತ ಬರುವುದು ಹಾರ್ಮೋನುಗಳಿಂದ ವಸಡು ಊದಿಕೊಳ್ಳುವುದಕ್ಕೆ. ಮೃದು ಬ್ರಷ್ಷಿನಿಂದ ಉಜ್ಜುವುದನ್ನು ನಿಲ್ಲಿಸಬೇಡಿ, ದಂತವೈದ್ಯರಿಗೆ ತೋರಿಸಿ. ಗರ್ಭಾವಸ್ಥೆಯಲ್ಲಿ ಹಲ್ಲಿನ ಚಿಕಿತ್ಸೆ ಮಾಡಿಸಬಾರದು ಅನ್ನುವುದೂ ತಪ್ಪು ನಂಬಿಕೆ. ವಾಂತಿ ಆದ ಕೂಡಲೇ ಹಲ್ಲುಜ್ಜಬೇಡಿ, ಆಮ್ಲದಿಂದ ಮೆತ್ತಗಾದ ಎನಾಮಲ್ ಸವೆಯುತ್ತದೆ. ನೀರಿನಲ್ಲಿ ಬಾಯಿ ಮುಕ್ಕಳಿಸಿ ಸ್ವಲ್ಪ ಹೊತ್ತು ಬಿಡಿ.

ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಸಿಕ್ಕರೆ ದೊಡ್ಡವರಿಗೆ ಸಾಕು. ಗರ್ಭಿಣಿ ಅಂತ ಇದು ಏರುವುದಿಲ್ಲ, ಯಾಕೆಂದರೆ ಕರುಳು ಹೀರಿಕೊಳ್ಳುವುದನ್ನೇ ಸುಮಾರು ದುಪ್ಪಟ್ಟು ಮಾಡಿಕೊಳ್ಳುತ್ತದೆ. ಕಬ್ಬಿಣಾಂಶಕ್ಕೂ ಕ್ಯಾಲ್ಸಿಯಂಗೂ ಇರುವ ವ್ಯತ್ಯಾಸ ಇದೇ. ಒಂದು ದೊಡ್ಡ ಲೋಟ ಹಾಲು ಅಥವಾ ಅಷ್ಟೇ ಮೊಸರಿನಲ್ಲಿ 300 ಮಿಲಿಗ್ರಾಂ. ದಿನಕ್ಕೆ ಎರಡು ಲೋಟ, ಮೇಲೆ ಕಾಳು, ಸಿಪ್ಪೆ ತೆಗೆಯದ ಎಳ್ಳು, ಬಾದಾಮಿ, ಸೊಪ್ಪು ಸೇರಿದರೆ ಗುರಿ ಹತ್ತಿರ. ಹಾಲು ಒಗ್ಗದವರಿಗೆ ಕ್ಯಾಲ್ಸಿಯಂ ಹಾಕಿ ಗಟ್ಟಿ ಮಾಡಿದ ತೋಫು, ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ಇವೆ. ಸೋಯಾ ಹಾಲನ್ನು ಅಲ್ಲಾಡಿಸಿ ಕುಡಿಯಿರಿ, ಕ್ಯಾಲ್ಸಿಯಂ ತಳದಲ್ಲಿ ಕೂತಿರುತ್ತದೆ. ಇಲ್ಲೂ ಪಾಲಕ್ ಕೈಕೊಡುತ್ತದೆ. ಅದರ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಐದು ಭಾಗ ದಾಟಿದರೆ ಹೆಚ್ಚು. ಸಾಸಿವೆ ಸೊಪ್ಪು, ಕೋಸಿನ ಜಾತಿಯ ಸೊಪ್ಪುಗಳು ಅದಕ್ಕಿಂತ ಎಷ್ಟೋ ವಾಸಿ.

ಊಟದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ ಇರುವವರಿಗೆ ಮಾತ್ರೆ ಕೊಡುವುದಕ್ಕೆ ಇನ್ನೊಂದು ಕಾರಣವಿದೆ. ರಕ್ತದೊತ್ತಡ ಏರಿ ಬರುವ ಪ್ರೀ-ಎಕ್ಲಾಂಪ್ಸಿಯಾದ ಅಪಾಯ ಅದರಿಂದ ತಗ್ಗುತ್ತದೆ. ನಿಮ್ಮ ಹಾಲು-ಮೊಸರಿನ ಲೆಕ್ಕವನ್ನು ಡಾಕ್ಟರಿಗೆ ಹೇಳಿದರೆ ಮಾತ್ರೆ ಬೇಕಾ, ಎಷ್ಟು ಅಂತ ಅವರು ಹೇಳುತ್ತಾರೆ. ತೆಗೆದುಕೊಳ್ಳುವುದಾದರೆ ಒಂದು ಹೊತ್ತಿಗೆ 500 ಮಿಲಿಗ್ರಾಂ ದಾಟುವುದು ಬೇಡ, ಜಾಸ್ತಿಯಾದರೆ ಹೀರಿಕೆ ಇಳಿಯುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆಗೆ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಒಟ್ಟಿಗೆ ನುಂಗಬೇಡಿ, ಕಬ್ಬಿಣಾಂಶದ ಮಾತ್ರೆಯನ್ನು ಹಾಲಿನ ಜೊತೆಯೂ ಬೇಡ. ಕಡಿಮೆ ಅಂದರೂ ಎರಡು ಗಂಟೆ ಅಂತರ ಇರಲಿ. ಕ್ಯಾಲ್ಸಿಯಂ ಹಗಲಿನ ಊಟಕ್ಕೆ, ಕಬ್ಬಿಣಾಂಶ ಮಲಗುವಾಗ ಅಂತ ಇಟ್ಟುಕೊಂಡರೆ ಗೊಂದಲ ಇಲ್ಲ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಇವೆರಡರಿಂದಲೂ ನಾಲ್ಕು ಗಂಟೆ ದೂರ ಇಡಬೇಕು.

ಮೀನಖಂಡ ಹಿಡಿದುಕೊಳ್ಳುವುದನ್ನು ಎಲ್ಲರೂ ಕ್ಯಾಲ್ಸಿಯಂ ಅಥವಾ ಮೆಗ್ನೀಷಿಯಂ ಕೊರತೆ ಅಂತಾರೆ. ಇವುಗಳ ಮಾತ್ರೆಯಿಂದ ಅದು ನಿಲ್ಲುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಹಿಡಿದಾಗ ಮಂಡಿ ನೇರ ಮಾಡಿ, ಪಾದದ ಬೆರಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಮಲಗುವ ಮುಂಚೆ ಗೋಡೆಗೆ ಕೈಯಿಟ್ಟು ಮೀನಖಂಡ ಹಿಗ್ಗಿಸಿ. ಒಂದೇ ಕಾಲು ಊದಿ, ಕೆಂಪಾಗಿ, ಬಿಸಿಯಾಗಿ ನೋಯುತ್ತಿದ್ದರೆ ಮಾತ್ರ ತಡಮಾಡಬೇಡಿ. ಅದು ರಕ್ತ ಹೆಪ್ಪುಗಟ್ಟಿದ್ದರ ಲಕ್ಷಣ ಇರಬಹುದು.

ಆ ಗುಲಾಬಿ ಉಪ್ಪು

ನಿಮ್ಮ ಪತ್ರದಲ್ಲಿ ನನಗೆ ಕಬ್ಬಿಣಾಂಶಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಇದು. 84 ಖನಿಜ ಇರಬಹುದು. ಆದರೆ ಎಷ್ಟೆಷ್ಟು? ಅವುಗಳಿಂದ ಪ್ರಯೋಜನ ಆಗಬೇಕಾದರೆ ತಿನ್ನಲು ಸಾಧ್ಯವೇ ಇಲ್ಲದಷ್ಟು ಉಪ್ಪು ತಿನ್ನಬೇಕು. ಅಂಥ ಪಟ್ಟಿಗಳಲ್ಲಿ ಸೀಸ, ಆರ್ಸೆನಿಕ್ ಹೆಸರೂ ಇರುತ್ತದೆ, ಅದನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ. ಅದರಲ್ಲಿ ಇಲ್ಲದ್ದು, ಅಂದರೆ ಲೆಕ್ಕಕ್ಕೆ ಸಿಗುವಷ್ಟು ಇಲ್ಲದ್ದು, ನಿಮಗೆ ಈಗ ಬೇಕಾದ ಅಯೋಡಿನ್.

ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು. ಸಾಮಾನ್ಯ ದಿನಗಳಲ್ಲಿ 150 ಸಾಕಾಗುತ್ತಿತ್ತು. ಮಗುವಿನ ಥೈರಾಯ್ಡ್ ಗ್ರಂಥಿ ಪೂರ್ತಿಯಾಗಿ ಕೆಲಸ ಮಾಡಲು ಶುರುಮಾಡುವುದು ಅರ್ಧ ಗರ್ಭಾವಸ್ಥೆ ಕಳೆದ ಮೇಲೆ. ಅಲ್ಲಿಯವರೆಗೆ ಮಿದುಳು ಬೆಳೆಯಲು ಬೇಕಾದ ಥೈರಾಯ್ಡ್ ಹಾರ್ಮೋನು ತಾಯಿಯದ್ದೇ. ಆಮೇಲೂ ಅಯೋಡಿನ್ ತಾಯಿಯಿಂದಲೇ ಹೋಗಬೇಕು. ಕೆಜಿಗೆ 30 ಮಿಲಿಗ್ರಾಂ ಅಯೋಡಿನ್ ಇರುವ ಉಪ್ಪನ್ನು ದಿನಕ್ಕೆ 5 ಗ್ರಾಂ ಬಳಸಿದರೆ 150 ಮೈಕ್ರೋಗ್ರಾಂ ಸಿಗುತ್ತದೆ. ಉಳಿದದ್ದು ಹಾಲು, ಮೊಸರು, ಮೊಟ್ಟೆಯಿಂದ. ಮೀನು ತಿನ್ನುವವರಿಗೆ ಸಮುದ್ರದ ಮೀನಿನಿಂದಲೂ. ಇವತ್ತೇ ಅಯೋಡಿನ್ ಸೇರಿಸಿದ ಮಾಮೂಲಿ ಪುಡಿ ಉಪ್ಪಿಗೆ ವಾಪಸ್ ಬನ್ನಿ. ಉಪ್ಪು ಬದಲಿಸಿ ಅಂದೆ, ಜಾಸ್ತಿ ಮಾಡಿ ಅನ್ನಲಿಲ್ಲ. ಡಬ್ಬಿ ಮುಚ್ಚಿಡಿ, ತೇವ ಬಿಸಿಲಿಂದ ದೂರ ಇಡಿ, ಅಡುಗೆಗೆ ಆದಷ್ಟು ಕೊನೆಯಲ್ಲಿ ಹಾಕಿ. ಹಾಗಂತ ಸಮುದ್ರ ಪಾಚಿಯ ಮಾತ್ರೆ, ಪುಡಿಗೆ ಕೈಹಾಕಬೇಡಿ. ಅದರಲ್ಲಿ ಅಯೋಡಿನ್ ಒಂದೊಂದು ಸಲ ವಿಪರೀತ ಇರುತ್ತದೆ. ಅದೂ ಮಗುವಿನ ಥೈರಾಯ್ಡ್ ಕೆಡಿಸುತ್ತದೆ.

ಉಳಿದವು

ಜಿಂಕ್ ದಿನಕ್ಕೆ 11 ಮಿಲಿಗ್ರಾಂ, ಮೆಗ್ನೀಷಿಯಂ 350ರ ಆಸುಪಾಸು. ಕಾಳು, ಬೀಜ, ಇಡೀ ಧಾನ್ಯ, ಮೊಸರು, ಮೊಟ್ಟೆ ತಿನ್ನುವವರು ಇವುಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಒಂದು ಹಿಡಿ ಕುಂಬಳಬೀಜ ಎರಡಕ್ಕೂ ಆಗುತ್ತದೆ. ಸೆಲೆನಿಯಂಗೆ ಅಂತ ಬ್ರೆಜಿಲ್ ನಟ್ ತಿನ್ನುವವರು ಹುಷಾರು. ದಿನಕ್ಕೆ ಬೇಕಾಗುವುದು 60 ಮೈಕ್ರೋಗ್ರಾಂ, ಒಂದೇ ಬೀಜದಲ್ಲಿ ಅಷ್ಟು ಇರಬಹುದು. ಮುಷ್ಟಿಗಟ್ಟಲೆ ತಿಂದರೆ ವಿಷವಾಗುತ್ತದೆ. ಎರಡು ಮೂರು ಬಗೆಯ ಮಲ್ಟಿವಿಟಮಿನ್ ಒಟ್ಟಿಗೆ ತೆಗೆದುಕೊಳ್ಳುವುದೂ ಇದೇ ಥರದ ತಪ್ಪು. ಎಲ್ಲದರಲ್ಲೂ ಎ ವಿಟಮಿನ್, ಅಯೋಡಿನ್, ಜಿಂಕ್ ಮತ್ತೆ ಮತ್ತೆ ಇರುತ್ತವೆ.

ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನಬೇಕು, ಐಸ್ ಕಡಿಯಬೇಕು ಅನ್ನಿಸುತ್ತಿದೆಯಾ? ಪತ್ರದಲ್ಲಿ ಬರೆದಿಲ್ಲ, ನಾಚಿಕೆಯಿಂದ ಬಹಳ ಜನ ಹೇಳುವುದಿಲ್ಲ. ಕಬ್ಬಿಣಾಂಶ ಕಡಿಮೆಯಾದಾಗ ಹೀಗಾಗುವುದು ಸಾಮಾನ್ಯ. ಮಣ್ಣಿನಲ್ಲಿ ಸೀಸ, ಹುಳದ ಮೊಟ್ಟೆ ಎರಡೂ ಇರಬಹುದು. ಮಾತ್ರೆ ಕೆಲಸ ಮಾಡಲು ಶುರುಮಾಡಿದ ಮೇಲೆ ಈ ಬಯಕೆ ತಾನಾಗಿಯೇ ಇಳಿಯುವುದುಂಟು.

ಕೂತಲ್ಲೇ ಏದುಸಿರು ಬಂದರೆ, ಎದೆ ಡವಗುಟ್ಟಿದರೆ, ತಲೆ ತಿರುಗಿ ಬೀಳುವಂತಾದರೆ, ರಕ್ತಸ್ರಾವ ಕಂಡರೆ, ಅಥವಾ ತೀವ್ರ ತಲೆನೋವಿನ ಜೊತೆ ಕಣ್ಣು ಮಂಜಾಗಿ ಮುಖ ಊದಿದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ.

ಡಾಕ್ಟರ ಹತ್ತಿರ ಹೋದಾಗ ಮಾತ್ರೆ ಪಟ್ಟಿ ಜೊತೆಗೇ ತೆಗೆದುಕೊಂಡು ಹೋಗಿ. ಡೋಸ್ ಕಡಿಮೆ ಮಾಡಬಹುದಾ, ದಿನ ಬಿಟ್ಟು ದಿನ ಆಗುತ್ತಾ, ಬಿ12 ನೋಡಬೇಕಾ, ಮತ್ತೆ ಯಾವಾಗ ರಕ್ತ ಪರೀಕ್ಷೆ ಅಂತ ಕೇಳಿ. ಹೆರಿಗೆಯ ಹೊತ್ತಿನಲ್ಲಿ ಹೊಕ್ಕುಳಬಳ್ಳಿ ಕತ್ತರಿಸುವುದನ್ನು ಒಂದರಿಂದ ಮೂರು ನಿಮಿಷ ತಡಮಾಡಲು ಸಾಧ್ಯವಾ ಅಂತಲೂ ಈಗಲೇ ಮಾತಾಡಿಟ್ಟುಕೊಳ್ಳಿ. ಆ ಕೆಲವು ನಿಮಿಷದಲ್ಲಿ ಮಾಸುಚೀಲದ ರಕ್ತ ಮಗುವಿಗೆ ಹರಿದು, ಅದರ ಕಬ್ಬಿಣಾಂಶದ ಸಂಗ್ರಹ ಹೆಚ್ಚುತ್ತದೆ. ಹಿಮೋಗ್ಲೋಬಿನ್ ಸರಿಹೋಯಿತು ಅಂತ ಮಾತ್ರೆಯನ್ನು ಆ ದಿನವೇ ನಿಲ್ಲಿಸಬೇಡಿ. ಖಾಲಿಯಾದ ಫೆರಿಟಿನ್ ತುಂಬಲು ಇನ್ನೂ ಮೂರು ತಿಂಗಳು, ಹೆರಿಗೆಯಾಗಿ ಆರು ವಾರ ಆಗುವವರೆಗಾದರೂ ಮುಂದುವರಿಸಬೇಕಾಗುತ್ತದೆ.